ತಿರುಪು

ಮತ್ತೀಕೆರೆಯ ಕಣ್ಣಿನ ಡಾಕ್ಟರು
ಕೊನೇ ಸಾಲಿನ ಇರುವೆಯಂಥ ಅಕ್ಷರವನ್ನೂ ಓದಿಸಿ
'ನನಗಿಂತ ಚೆನ್ನಾಗಿದೆ ಇವರ ಕಣ್ಣು' ಎಂದು ನಕ್ಕರು.
ಕಣ್ಣೇನೋ ಇದೆ, ಡಾಕ್ಟರೇ.
ನೋಟವನ್ನು ಕೈಹಿಡಿದು ಜಾಗಕ್ಕೆ ಕೂರಿಸುವವರು
ಒಳಗೆ ರಜೆ ಹಾಕಿದ್ದಾರೆ.

ದಮಯಂತಕ್ಕ ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿ
ಇಪ್ಪತ್ತೊಂಬತ್ತು ವರ್ಷ
ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು
ಸಾಸಿವೆಗಿಂತ ಸಣ್ಣ ತಿರುಪುಗಳನ್ನು
ಚಿಮಟದಲ್ಲಿ ಹಿಡಿದು ಕೂರಿಸಿದವಳು.
ಪಕ್ಕದ ಬೆಂಚಿನಲ್ಲಿ ತಂಗಿ, ನಾನು.
ನನ್ನ ಕೈ ಜಾರಿದ್ದು ನೆಲದಲ್ಲೆಲ್ಲೋ ಉರುಳಿದರೆ
ತಲೆಯೆತ್ತದೆ ಕಾಲ್ಬೆರಳಿನಲ್ಲಿ ತೋರಿಸುತ್ತಿದ್ದಳು:
'ಅಗೋ.'

ಈಗ ಬಿಳೀ ತಟ್ಟೆಯ ಮೇಲಿನ ಇಡ್ಲಿ ಕಾಣುವುದಿಲ್ಲ.
ಬರೀ ತಟ್ಟೆ ಇಟ್ಟಿದ್ದೀರೆಂದು ಮುನಿಸು.
ಅವೆನ್ಯೂ ರಸ್ತೆಯೆಲ್ಲ ಅಲೆದು ಕಡುನೀಲಿ ತಟ್ಟೆ ತಂದೆ.
ಇಡ್ಲಿ ಹುಟ್ಟಿತು.
ಬಾಗಿಲ ಬಳಿಯ ಕರೀ ಕಾಲೊರೆಸು ಅವಳಿಗೆ ಬಾವಿ;
ದಡದಲ್ಲಿ ನಿಂತು ನೆರಿಗೆ ಎತ್ತಿ ಹಿಡಿದಳು.
ಅದನ್ನೂ ತೆಗೆದೆ.
ಮೇಜುಬಟ್ಟೆಯ ಅಚ್ಚಿನ ಹೂಗಳನ್ನು
ಒಂದೊಂದಾಗಿ ಕೀಳಲು ಕೂತ ದಿನ
ನಗು ಬಂತು, ನಕ್ಕೆ,
ಆಮೇಲೆ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟೆ.

ನಿಮ್ಹಾನ್ಸಿನಲ್ಲಿ ಒಂದು ಹಾಳೆ ಕೊಟ್ಟರು,
ತುಂಬ ಚಿತ್ರ: ಮನೆ, ಮರ, ಮೀನು, ಗಂಟೆ.
'ಗಂಟೆಗಳಿಗೆಲ್ಲ ಗೆರೆ ಹೊಡೀರಿ ಅಮ್ಮಾ.'
ಒಂದು ಗಂಟೆ ಸಿಕ್ಕಿತು ಅವಳಿಗೆ.
ಅದಕ್ಕೇ ಹೊಡೆದಳು, ಮತ್ತೆ ಅದಕ್ಕೇ,
ಹಾಳೆ ಹರಿಯುವ ತನಕ.
ಉಳಿದವು ಸದ್ದಿಲ್ಲದೆ ತೂಗುತ್ತಿದ್ದವು.

ಹೊರಗೆ ಹೊಸೂರು ರಸ್ತೆ.
ಬಸ್ಸು ಆಟೋ ಬೈಕು ಫ್ಲೆಕ್ಸು ಬಲೂನು ಮಾರುವವನು
ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದಂತೆ
ಕಣ್ಣು ಮುಚ್ಚಿ ನನ್ನ ಸೆರಗು ಹಿಡಿದಳು.
ನಾನು ಎಂದಲ್ಲ;
ಸೆರಗು ಹತ್ತಿರವಿತ್ತು.

ವಾಪಸು ಬರುವಾಗ, ಮೇಖ್ರಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ,
ಆಟೋದೊಳಗೆ ಅವಳ ಬಲಗೈ ಮೆಲ್ಲಗೆ ಎದ್ದಿತು.
ಬೆರಳು ಮಡಿಸಿ, ಮುಷ್ಟಿಯನ್ನು ಕೊಳವೆ ಮಾಡಿ
ಕಣ್ಣಿಗೆ ಒತ್ತಿಕೊಂಡಳು.
ಯಾರೂ ಹೇಳಿಕೊಟ್ಟದ್ದಲ್ಲ.
ಇಡೀ ಬೆಂಗಳೂರು ಮುಷ್ಟಿಯಾಚೆ ಉಳಿಯಿತು;
ಒಳಗೆ ಬಂದದ್ದು ರೂಪಾಯಿಯಗಲ.
ನಿಧಾನಕ್ಕೆ ತಿರುಗಿಸಿದಳು: ಮೀಟರಿನ ಒಂದು ಅಂಕಿ,
ಡ್ರೈವರನ ಹೆಗಲ ಬಿಟ್ಟ ಹೊಲಿಗೆ,
ನನ್ನ ಗಲ್ಲ, ನನ್ನ ಕಿವಿ.
ಅಲ್ಲಿ ನಿಂತಳು.

'ಏನ್ರೀ, ನಿಮ್ಮ ಓಲೆ ತಿರುಪು ಸಡಿಲಾಗಿದೆ.'

ಮುಟ್ಟಿ ನೋಡಿಕೊಂಡೆ. ಹೌದು,
ಕೊನೆಯ ಸುತ್ತಿನಲ್ಲಿ ನೇತಾಡುತ್ತಿತ್ತು.
'ತಲೆ ಬಾಗಿಸಿ' ಎಂದಳು.
ಹಸಿರು ಬಿತ್ತು, ಹಿಂದಿನವರೆಲ್ಲ ಹಾರನ್ ಹೊಡೆದರು.
ಅವಳ ಬೆರಳು ನಡುಗಲಿಲ್ಲ.