ಕುಣಿಯೊಳಗಿನ ಮೀನ

ಮಂಗಳವಾರ ಮಗ್ಗಕ್ಕ ನೂಲು ಬಂದಿರಲಿಲ್ಲ.
ಹಂಗಾಗಿ ಬೆಟಗೇರಿಯ ನಮ್ಮ ಪಡಸಾಲ್ಯಾಗ
ನಾಟಕದ ಪಾಠ.

ಕಾಗುಣಿತ ಆತು. ಅಡಿಗಿಮನಿ ಗ್ವಾಡಿ ಮ್ಯಾಲ ಬರದ ಮಗ್ಗಿ
ಹನ್ನೆರಡರ ತನಕ ಆತು.
ನಮ್ಮಪ್ಪನ ಹಳೇ ಪುಸ್ತಕ ತಗದೆ;
ಹುಳಾ ತಿಂದಲ್ಲೆಲ್ಲಾ ಮಾತು ತೂತಾಗಿದ್ವು.
"ಪ್ರಾಣಕಾಂತಾ" ಅಂತ ಓದಿದೆ.
"ಹಂಗಂದ್ರ ಯಾರವಾ?" ಸುಹಾಸ ನಕ್ಕ.
ಪುಸ್ತಕ ಮಡಚಿದೆ.

ಒಬ್ಬ ರಾಜ. ಒಬ್ಬಾಕಿಗೆ ಉಂಗುರ ಕೊಟ್ಟ,
ಹೋದ, ಮರತ.
ಉಂಗುರ ನೀರಾಗ ಬಿತ್ತು, ಮೀನ ನುಂಗಿತು.
ಇಷ್ಟ ಕತಿ. ಉಳದದ್ದು ನೀವ ಆಡ್ರಿ.

"ರಾಜ ಹೆಂಗ ಮರೀತಾನ?
ನನ್ನ ಹಲ್ಲು ಬಿದ್ದ ವಾರಾನೂ ನನಗ ನೆನಪೈತಿ."
ಶಾಪ, ಅಂದೆ.
ಬಾಗಲಿಗೆ ಬಂದಾಂವ ಕೂಗಿದ್ದು ಕೇಳದ ಕುಂತಿದ್ಲು ಆಕಿ,
ಅವಗ ಸಿಟ್ಟು ಬಂತು.
ವಿಚಾರ ಮಾಡಿದ.
"ನಿನ್ನೆ ಹಾಲಿನ ಮೌಲಾಸಾಬ ಮೂರ ಸಲ ಕೂಗಿದ,
ನೀ ಫೋನಿನ್ಯಾಗ ಇದ್ದಿ.
ಅಂವಾ ಏನರ ಅಂದಾನೇನ ನಿನಗ?"

ಬನವ್ವಗ ಇನ್ನೂ ಐದು ತುಂಬಿಲ್ಲ.
ರಾಣಿ ಬ್ಯಾಡ, ಗೆಳತಿ ಬ್ಯಾಡ,
ಉಂಡಿ ಡಬ್ಬಿ ಮುಚ್ಚಳದ ಕಿರೀಟಾನೂ ಬ್ಯಾಡ.
"ನಾ ಮೀನ."
ಮಗ್ಗದ ಕುಣಿಯೊಳಗ ಇಳದ್ಲು, ಅದ ಹೊಳಿ.
ತಲಿ ಮ್ಯಾಲ ಅರ್ಧ ನೇಯ್ದ ಸೀರಿ,
ಕೆಳಗ ತಣ್ಣಗ, ಗಂಜಿಯ ವಾಸನಿ.
ಉಂಗುರಕ್ಕ ಡಾಬಿಯಿಂದ ಬಿಚ್ಚಿದ ಒಂದು ನಟ್ಟು.
"ಬಾಯಾಗ ಹಾಕಬ್ಯಾಡ, ಮುಠಗ್ಯಾಗ ನುಂಗು" ಅಂದೆ.
ನುಂಗಿತು.

ಆಮ್ಯಾಲಿನ ಅಂಕ ಉದ್ದ.
ಮರಿಯಾಕ ಹೊತ್ತು ಹಿಡಿತೈತಿ.
ಸುಹಾಸ ಗ್ವಾಡಿಗೆ ಮಾರಿ ಮಾಡಿ ಮರಿಯೂದು ಕಲ್ತ,
ಮೊದಲ ಹೆಸರು, ಆಮ್ಯಾಲ ಮಾರಿ, ಕಡೀಕ ದನಿ.
ಇದನ್ನ ನಾ ಹೇಳಿಕೊಟ್ಟಿರಲಿಲ್ಲ.
ರಾಣಿ ನಾನ. ಹಿಟ್ಟಿನ ಕೈಲೆ ಬಾಗಲಾಗ ನಿಂತೆ.
"ನಾನು" ಅಂದೆ.
ತಿರುಗಿ ನೋಡಿದ, ತಡದು,
"ಯಾರ್ರೀ ನೀವು?"

ನಾಟಕ ಅಂತ ಗೊತ್ತಿತ್ತು.
ಆದ್ರೂ ಸೆರಗಿಗೆ ಹಿಟ್ಟು ಹತ್ತಿತು.

ಇನ್ನ ಬೆಸ್ತ ಬರಬೇಕು, ಬಲಿ ಬೀಸಬೇಕು.
ಬಗ್ಗಿ ನೋಡಿದ್ರ
ಮೀನ ಮಲಗೇತಿ,
ತುಳಿಯೋ ಹಲಗಿಗೆ ತಲಿ ಕೊಟ್ಟು.

ರಾಜ ಎರಡೂ ಕೈಲೆ ಕಿರೀಟ ತಗದ.
"ಎಬ್ಬಸಬ್ಯಾಡವಾ.
ನನಗ ನಾಳೆ ನೆನಪಾದ್ರ ಆತು."

ಸಂಜಿಕ ನೂಲು ಬಂತು.
ಅವರು ಮಗ್ಗದ ಮುಂದ ಕುಂತು, ಮ್ಯಾಲ ನೋಡಿ, ಕೆಳಗ ನೋಡಿ,
ನಟ್ಟು ಎಲ್ಲಿ ಅಂತ
ಸಣ್ಣ ದನೀಲೆ ಕೇಳಿದ್ರು.