ದೀಪದೆಣ್ಣೆ

ಜಾವಗಲ್ ದಾರಿಯಲ್ಲಿ, ಹಾಲಿನ ಡೇರಿ ಪಕ್ಕ
ಓರೆಯಾಗಿ ನಿಂತಿದೆ ಒಂದು ಶಾಸನದ ಕಲ್ಲು.
ನಂದಾದೀಪಕ್ಕೆ ಎಷ್ಟು ಸೊಲಗೆ ಎಣ್ಣೆ,
ಯಾವ ಗಾಣದ್ದು, ಅಳೆದು ಕೊಟ್ಟವನ ಹೆಸರೇನು,
ಎಲ್ಲ ಬಯಲಲ್ಲಿ.
ಆಡು ಕೂಡ ಮೈ ಉಜ್ಜಿಕೊಂಡು ಹೋಗುತ್ತದೆ.

ನಾನು ಕೇಳಿದ್ದು ಇಷ್ಟೇ:
ಹೋದ ವರ್ಷ ನಮ್ಮ ಬೀದಿಗೆ ಎಷ್ಟು ಬಲ್ಬು ಹಾಕಿದಿರಿ?
ಹತ್ತು ರೂಪಾಯಿ ಪೋಸ್ಟಲ್ ಆರ್ಡರು, ಒಂದು ಸಹಿ.
ಮೂವತ್ತು ದಿನ ಕಳೆದು, ಮೇಲೆ ಹನ್ನೊಂದೂ ಕಳೆದು
ಬಂತು ಉತ್ತರ:
'ಕಡತ ಲಭ್ಯವಿಲ್ಲ.'

ಹೊಲಿಗೆ ಪುಟ್ಟತಾಯಿ ಓದಿಸಿಕೊಂಡು ನಕ್ಕಳು.
"ಆ ಕಲ್ಲಿನ ಕೊನೇ ಸಾಲು ಏನಣ್ಣ?"
ಇದಕ್ಕೆ ಅಳುಪಿದವನು
ಕವಿಲೆಯ ಕೊಂದ ಪಾಪಕ್ಕೆ ಹೋಗುವನಂತೆ.

ಶಾಪ ಹಾಕುವುದು ನನಗೆ ಬಾರದು.
ಮೇಲ್ಮನವಿ ಬರೆದೆ.
ಅಷ್ಟರಲ್ಲಿ ಕತ್ತಲು.
ಮೊಬೈಲಿನ ಬೆಳಕು ಹಿಡಿದು
ಅಂಚೆ ಡಬ್ಬಿಯ ಬಾಯಿ ಹುಡುಕಿದೆ.