ಸಹಿ ಹಾಕುವ ಜಾಗ

ಮಂಗಳವಾರ, ಶುಕ್ರವಾರ ನಮ್ಮ ಬೀದಿಗೆ ಕಾವೇರಿ ನೀರು.
ಬೆಳಗಿನ ನಾಲ್ಕಕ್ಕೆ ಡ್ರಮ್ಮಿನ ಪೈಪು ಎಡವಿ
ಬಿದ್ದಳು ಮುನಿತಾಯಮ್ಮ, ನಮ್ಮ ದೊಡ್ಡತ್ತೆ.
ತೊಂಬತ್ತಾರು. ಅವಳ ಲೆಕ್ಕದಲ್ಲಿ ತೊಂಬತ್ತು.
ಬಿದ್ದಲ್ಲಿಂದಲೇ ಅಂದಳು:
ನೀರು ನಿಲ್ಸಿ ಮೊದ್ಲು, ಹರಿದು ಹೋಗ್ತಿದೆ.

ಬೆಳಕಿಗೆ ಹಿಡಿದ ಎಕ್ಸ್‌ರೇ ಹಾಳೆಯಲ್ಲಿ
ತೊಡೆಮೂಳೆಯ ಕುತ್ತಿಗೆ
ಮುನಿಸಿಕೊಂಡ ಹಾಗೆ ಅತ್ತ ತಿರುಗಿತ್ತು.

ಡಾಕ್ಟರು ಹುಡುಗ, ಸಮಾಧಾನದವನು.
ಕೊಯ್ದರೆ, ಈ ಎದೆ ಮತ್ತಿನ ಮದ್ದು ತಡೆದೀತೋ ಇಲ್ಲವೋ.
ಕೊಯ್ಯದಿದ್ದರೆ ಹಾಸಿಗೆ; ಬೆನ್ನಿಗೆ ಹುಣ್ಣು, ಎದೆಗೆ ಕಫ,
ಆಮೇಲೆ...
ನೀವೇ ಹೇಳಿ, ಅಂದ.
ಪೆನ್ನಿನ ಟೋಪಿ ತೆಗೆದೇ ಕೊಟ್ಟಿದ್ದ.

ಕ್ಯಾಂಟೀನಿನಲ್ಲಿ ಬೈಟು ಕಾಫಿ, ಮೂರು ಜನಕ್ಕೆ.
ಈ ವಯಸ್ಸಲ್ಲಿ ನೋಯಿಸೋದ್ಯಾಕೆ, ಅಂದರು ಇವರು.
ನೋವು ಈಗಲೂ ಇದೆಯಲ್ಲ, ಅಂದಳು ನಾದಿನಿ.
ನಾನು ಸುಮ್ಮನಿದ್ದೆ. ಬೆಡ್‌ಪ್ಯಾನ್ ಇಡುವವಳು ನಾನು.
ಬಾಯಿ ಬಿಟ್ಟರೆ ಪ್ರೀತಿ ಮಾತಾಡೀತೋ
ಸುಸ್ತು ಮಾತಾಡೀತೋ, ನನಗೇ ಗೊತ್ತಿರಲಿಲ್ಲ.

ಅವಳನ್ನು ಕೇಳಬೇಕೆಂದು ಹೊಳೆದದ್ದು ನರ್ಸಿಗೆ.
ಮಿಲ್ಲಿನ ಸದ್ದಿಗೆ ಎಂದೋ ಮಂದವಾದ ಕಿವಿಗೆ
ಬಾಯಿಟ್ಟು ಎಲ್ಲ ಹೇಳಿದಳು, ಸಾವನ್ನೂ ಬಿಡದೆ.

ರಾಡು ಹಾಕಿದ್ರೆ ಬಚ್ಚಲಿಗೆ ನಾನೇ ಹೋಗ್ಬೋದಾ?
ಹೋಗ್ಬೋದು ಅಜ್ಜಿ. ಹೋಗಕ್ಕಾಗದೇನೂ ಇರ್ಬೋದು.
ಮತ್ತೇನು, ಹಾಕ್ಸಿ.

ಎಡಗೈ ಹೆಬ್ಬೆಟ್ಟಿಗೆ ತಾನೇ ಶಾಯಿ ಬಳಿದುಕೊಂಡು
ಒತ್ತಿದಳು,
ಸಂಬಂಧಿಕರ ಸಹಿ ಅಂತ ಬರೆದಿದ್ದ ಕಡೆ.

ಒಳಗೆ ಕರೆದೊಯ್ದು ಎರಡು ತಾಸಾಯಿತು.
ಇವತ್ತು ಶುಕ್ರವಾರ.
ಡ್ರಮ್ಮಿಗೆ ಯಾರೂ ಪೈಪು ಹಾಕಿಲ್ಲ.